ನೀರಿನ ಮೇಲಿನ ಗೆರೆ

ಕ್ರೋಧವೆಂಬ ಕಷಾಯದ ಸ್ವರೂಪವನ್ನು ಜೈನಾಚಾರ್ಯರು ಗೆರೆಯ ಉಪಮೆಯಿಂದ ವಿವರಿಸಿದ್ದಾರೆ. ಹತ್ತನೆಯ ಶತಮಾನದಲ್ಲಿ, ಚಾವುಂಡರಾಯನ ಕಾಲದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದಲ್ಲಿ ಕ್ರೋಧದ ತೀವ್ರತೆಗೆ ನಾಲ್ಕು ಹೋಲಿಕೆಗಳು ಬರುತ್ತವೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಲ್ಲಿನ ಗೆರೆ ತಲೆಮಾರುಗಳು ಕಳೆದರೂ ಅಳಿಯದು. ನೆಲದ ಬಿರುಕು ಮಳೆ ಬಂದಾಗ ಮುಚ್ಚೀತು. ಧೂಳಿನ ಗೆರೆಯನ್ನು ಗಾಳಿ ಅಳಿಸುತ್ತದೆ. ನೀರಿನ ಗೆರೆಯಾದರೋ, ಎಳೆದ ಬೆರಳು ಮುಂದೆ ಸರಿಯುವಷ್ಟರಲ್ಲಿ ಹಿಂದೆ ಕೂಡಿಕೊಂಡಿರುತ್ತದೆ. ಅನಂತಾನುಬಂಧಿ, ಅಪ್ರತ್ಯಾಖ್ಯಾನಾವರಣ, ಪ್ರತ್ಯಾಖ್ಯಾನಾವರಣ, ಸಂಜ್ವಲನ ಎಂಬ ಹೆಸರುಗಳುಳ್ಳ ಈ ನಾಲ್ಕು ಕಷಾಯಗಳ ವಾಸನೆಯ ಕಾಲವನ್ನೂ ಕರ್ಮಶಾಸ್ತ್ರ ನಿರ್ದೇಶಿಸಿದೆ. ಮೊದಲನೆಯದು ಭವಭವಾಂತರಗಳವರೆಗೆ ಹಿಂಬಾಲಿಸುತ್ತದೆ. ಎರಡನೆಯದು ಆರು ತಿಂಗಳು, ಮೂರನೆಯದು ಒಂದು ಪಕ್ಷ ಉಳಿಯುತ್ತದೆ. ಕೊನೆಯದು ಒಂದು ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷಗಳೊಳಗೆ, ಅಡಗುತ್ತದೆ.

ಮಗುವಿನ ಕಷಾಯ ಸಿದ್ಧಾಂತದ ದೃಷ್ಟಿಯಿಂದ ಯಾವ ವರ್ಗಕ್ಕೆ ಸೇರುತ್ತದೆಂಬುದು ಬೇರೆಯೇ ಚರ್ಚೆ. ಇಲ್ಲಿ ಉಪಮೆಯನ್ನಷ್ಟೇ ತೆಗೆದುಕೊಂಡರೆ ಸಾಕು. ಮಕ್ಕಳಿರುವ ಮನೆಯಲ್ಲಿ ಹತ್ತು ದಿನ ಕಣ್ತೆರೆದು ಕುಳಿತವರಿಗೆ ಒಂದು ಸಂಗತಿ ಮನವರಿಕೆಯಾಗದಿರದು. ಅಣ್ಣತಂಗಿಯರ ಜಗಳ ಬಹುಮಟ್ಟಿಗೆ ನೀರಿನ ಮೇಲಿನ ಗೆರೆ. ಮುಂಜಾನೆ ಪೆನ್ಸಿಲಿಗಾಗಿ ಕೂದಲು ಹಿಡಿದೆಳೆದವರು ಮಧ್ಯಾಹ್ನ ಒಂದೇ ತಟ್ಟೆಯ ಅವಲಕ್ಕಿಗೆ ಕೈಹಾಕಿರುತ್ತಾರೆ. ಜಗಳವನ್ನು ಬಿಡಿಸಲು ಬಂದ ಹಿರಿಯರ ಮುಖದಲ್ಲಿ ಮಾತ್ರ ಸಂಜೆಯವರೆಗೂ ಬಿಗುವು ಉಳಿದಿರುತ್ತದೆ. ಹಾಗಾದರೆ ಆ ಗೆರೆಯನ್ನು ಕಲ್ಲಿಗೆ ಸಾಗಿಸುವವರು ಯಾರು ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಶ್ರಾವಕ ದಂಪತಿಗಳೂ ಒಮ್ಮೆ ಕೇಳಿಕೊಳ್ಳಬೇಕಾಗಿದೆ.

ಈ ಪ್ರಶ್ನೆ ಅಲ್ಪವಾದುದಲ್ಲ. ಆಸ್ತಿಯ ಪಾಲಿನ ಕಾಲದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಸದಿಯಲ್ಲಿ, ಒಂದೇ ಅಭಿಷೇಕದ ವೇಳೆಯಲ್ಲಿ, ಒಬ್ಬರ ಮುಖವನ್ನೊಬ್ಬರು ನೋಡದೆ ಎರಡು ಕಂಬಗಳ ಮರೆಯಲ್ಲಿ ನಿಲ್ಲುವ ದೃಶ್ಯ ಅಪರೂಪವೇನಲ್ಲ. ಅಂಥವರನ್ನು ಕೂರಿಸಿ ಮಾತನಾಡಿಸಿದರೆ ಗದ್ದೆಯ ಲೆಕ್ಕ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಆಮೇಲೆ ಹೊರಬರುವುದು ಬೇರೆ ಲೆಕ್ಕ. "ಅಪ್ಪ ಯಾವಾಗಲೂ ಅವನ ಪರವಾಗಿಯೇ ಇದ್ದರು", "ತಪ್ಪು ಯಾರದೇ ಆದರೂ ಏಟು ನನಗೇ" ಎಂಬ ಐವತ್ತು ವರ್ಷಗಳ ಹಿಂದಿನ ಮಾತು ನಿನ್ನೆ ಆಡಿದಷ್ಟು ಹಸಿಯಾಗಿ ಉಳಿದಿರುತ್ತದೆ. ಬಾಲ್ಯದ ಜಗಳವನ್ನು ಇಬ್ಬರೂ ಎಂದೋ ಮರೆತಿರುತ್ತಾರೆ. ಆ ಜಗಳಕ್ಕೆ ದೊರೆತ ತೀರ್ಪನ್ನು ಇಬ್ಬರೂ ಮರೆತಿರುವುದಿಲ್ಲ.

ತೀರ್ಪು ಹೇಗೆ ಹುಟ್ಟುತ್ತದೆಂಬುದನ್ನು ಒಂದು ಸಾಮಾನ್ಯ ಮನೆಯಲ್ಲಿ ನೋಡಬಹುದು. ಅಂಗಳದ ಮಾವಿನ ಮರಕ್ಕೆ ಹಗ್ಗದ ಉಯ್ಯಾಲೆ. ಒಂಬತ್ತು ವರ್ಷದ ಅಣ್ಣ, ಆರು ವರ್ಷದ ತಂಗಿ. ಕೂಗು ಕೇಳಿ ತಾಯಿ ಅಡುಗೆಮನೆಯಿಂದ ಓಡಿಬರುತ್ತಾಳೆ. "ಅಮ್ಮಾ, ಅಣ್ಣ ನನ್ನನ್ನು ತಳ್ಳಿದ" ಎಂದು ಮಗಳು. "ಅವಳೇ ಮೊದಲು ಚಿವುಟಿದ್ದು" ಎಂದು ಮಗ. "ಯಾರು ಶುರು ಮಾಡಿದ್ದು? ನಿಜ ಹೇಳಿ" ಎಂದು ತಾಯಿ ಗದರುತ್ತಾಳೆ. ಆಕೆ ಕೇಳುವುದು ನಿಜವನ್ನೇ. ಆದರೆ ಆ ಕ್ಷಣದಲ್ಲಿ ನಿಜ ಹೇಳಿದವನಿಗೆ ಶಿಕ್ಷೆ, ಕಣ್ಣೀರು ಹೆಚ್ಚು ಸುರಿಸಿದವಳಿಗೆ ರಕ್ಷಣೆ ಎಂಬುದು ಇಬ್ಬರಿಗೂ ತಿಳಿದಿದೆ. ಉಯ್ಯಾಲೆಯ ಮೇಲಿನ ಆಸೆ ಲೋಭವಾಗಿತ್ತು, ಅದು ಸಿಗದಾಗ ಬಂದದ್ದು ಕ್ರೋಧ. ಅಲ್ಲಿಗೆ ಎರಡೇ ಕಷಾಯಗಳಿದ್ದುವು. ವಿಚಾರಣೆ ಆರಂಭವಾದೊಡನೆ ಗೆಲ್ಲಬೇಕೆಂಬ ಮಾನವೂ, ಗೆಲ್ಲಲು ಬೇಕಾದ ಮಾಯೆಯೂ ಬಂದು ಸೇರಿ ಕಷಾಯಗಳು ನಾಲ್ಕಾಗುತ್ತವೆ. ಕೊನೆಗೆ "ನೀನು ದೊಡ್ಡವನು, ಬಿಟ್ಟುಕೊಡು" ಎಂಬ ತೀರ್ಪು. ತಂಗಿ ಉಯ್ಯಾಲೆ ಏರುತ್ತಾಳೆ, ಅಣ್ಣ ಗೋಡೆಯತ್ತ ಮುಖ ಮಾಡುತ್ತಾನೆ. ಸದ್ದು ಅಡಗಿದ್ದರಿಂದ ಜಗಳ ಮುಗಿಯಿತೆಂದು ತಾಯಿ ಒಳಗೆ ಹೋಗುತ್ತಾಳೆ.

ಆ ಮನೆಯ ಅಜ್ಜಿಯ ಕ್ರಮ ಬೇರೆ. ಆಕೆ ಜಗಲಿಯಿಂದ ಏಳುವುದಿಲ್ಲ. ಏಟು ಬೀಳುವ ಹಾಗಿದ್ದರೆ ಇಬ್ಬರನ್ನೂ ಕರೆದು ತನ್ನ ಎರಡು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ, ಸ್ವಲ್ಪ ಹೊತ್ತು ಏನನ್ನೂ ಕೇಳುವುದಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಮೊಮ್ಮಗಳಿಗೆ ಹೇಳುತ್ತಾಳೆ: "ಅಣ್ಣನಿಗೆ ಏನು ಬೇಕಾಗಿತ್ತು? ಅದನ್ನು ನೀನು ಹೇಳು ಮಗಾ." ಮೊಮ್ಮಗನಿಗೂ ಅದೇ ಪ್ರಶ್ನೆ: "ತಂಗಿಗೆ ಯಾಕೆ ಸಿಟ್ಟು ಬಂತು? ನೀನು ಹೇಳು." ತನ್ನ ಪಕ್ಷವನ್ನು ಮಂಡಿಸಲು ಯಾರಿಗೂ ಕಲಿಸಬೇಕಾಗಿಲ್ಲ, ಎದುರಿನವನ ಪಕ್ಷವನ್ನು ತನ್ನ ಬಾಯಿಂದ ಹೇಳುವುದು ಕಷ್ಟದ ಕೆಲಸ. ಅನೇಕಾಂತವೆಂಬ ಶಬ್ದವನ್ನು ಉಚ್ಚರಿಸದೆಯೇ ಅಜ್ಜಿ ಅದರ ಮೊದಲ ಪಾಠವನ್ನು ಮುಗಿಸಿರುತ್ತಾಳೆ. "ಈಗ ಏನು ಮಾಡುತ್ತೀರಿ?" ಎಂಬ ಕೊನೆಯ ಪ್ರಶ್ನೆಗೆ ಉತ್ತರವೂ ಮಕ್ಕಳದೇ. ಇಪ್ಪತ್ತು ಸಲ ಅವನು, ಇಪ್ಪತ್ತು ಸಲ ಅವಳು ತೂಗಿಕೊಳ್ಳಬಹುದು, ಇಲ್ಲವೆ ಒಬ್ಬರು ತೂಗಿ ಒಬ್ಬರು ಕೂರಬಹುದು. ಆ ಒಪ್ಪಂದ ಅರ್ಧ ಗಂಟೆಯಲ್ಲಿ ಮುರಿಯಬಹುದು. ಮುರಿದರೆ ಮತ್ತೆ ಮಾಡಿಕೊಳ್ಳುತ್ತಾರೆ. ಒಪ್ಪಂದ ಮಾಡಿಕೊಳ್ಳುವ ಶಕ್ತಿ ಹಾಗೆ ಮುರಿದು ಕಟ್ಟುವುದರಿಂದಲೇ ಬರುತ್ತದೆ.

ಮಕ್ಕಳು ಜಗಳವಾಡಿದರೆ ತಮ್ಮ ಸಂಸ್ಕಾರದಲ್ಲಿಯೇ ಲೋಪವಿದೆಯೆಂದು ಕೊರಗುವ ತಾಯ್ತಂದೆಯರು ಆದಿಪುರಾಣವನ್ನು ನೆನೆಯಬೇಕು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, 941ರಲ್ಲಿ ಪಂಪನು ಕನ್ನಡದಲ್ಲಿಯೂ ಹೇಳಿದ ಆ ಕಥೆಯಲ್ಲಿ ತಂದೆ ಸಾಕ್ಷಾತ್ ಪ್ರಥಮ ತೀರ್ಥಂಕರನಾಗಲಿರುವ ಋಷಭನಾಥ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿ, ಗಂಡುಮಕ್ಕಳಿಗೆ ಕಲೆಗಳನ್ನು ಬೋಧಿಸಿ, ದೀಕ್ಷೆಗೆ ಹೊರಡುವ ಮುನ್ನ ರಾಜ್ಯಗಳನ್ನು ಹಂಚಿಕೊಟ್ಟವನು ಅವನು. ಅಂಥ ತಂದೆಯ ಮಕ್ಕಳೂ ಹೋರಾಡಿದರು. ಪಾಲು ನ್ಯಾಯವಾಗಿದ್ದರೂ ಜಗಳ ಬಂದೀತು, ಬೋಧನೆ ಉತ್ತಮವಾಗಿದ್ದರೂ ಬಂದೀತು. ಆದುದರಿಂದ ಜಗಳವೇ ಇಲ್ಲದ ಮನೆಯನ್ನು ಬಯಸುವುದಕ್ಕಿಂತ, ಜಗಳ ಬಂದಾಗ ಅದು ಯಾವ ಮಿತಿಯಲ್ಲಿ ನಡೆಯಬೇಕೆಂದು ಯೋಚಿಸುವುದು ವಿವೇಕ.

ಆ ಮಿತಿಯ ಪಾಠವೂ ಅಲ್ಲಿಯೇ ಇದೆ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬಂದರು. ಯಾರ ಪಕ್ಷ ನ್ಯಾಯವೆಂದು ಅವರು ತೀರ್ಪು ಕೊಡಲಿಲ್ಲ. ಸ್ಪರ್ಧೆಯನ್ನೇ ನಿಲ್ಲಿಸಿರೆಂದೂ ಹೇಳಲಿಲ್ಲ. ಅನ್ಯರ ಪ್ರಾಣಹಾನಿಯಾಗದಂತೆ, ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಮ್ಮ ಬಲವನ್ನು ನಿರ್ಣಯಿಸಿಕೊಳ್ಳಲೆಂದು ನಿಯಮ ಕಟ್ಟಿದರು. ದಿಟ್ಟಿಸಿ ನೋಡಿ ಮೊದಲು ಕಣ್ಣು ಮಿಟುಕಿಸಿದವನು ಸೋತ ಎನ್ನುವುದು, ಕೊಳದಲ್ಲಿ ನಿಂತು ನೀರೆರಚುವುದು, ಮಣ್ಣಿನಲ್ಲಿ ಹಿಡಿದು ಉರುಳಾಡುವುದು, ಈ ಮೂರೂ ಇಂದಿಗೂ ಯಾವ ಹಳ್ಳಿಯ ಮಕ್ಕಳಾದರೂ ಆಡುವ ಆಟಗಳೇ ಅಲ್ಲವೆ? ಘೋರಯುದ್ಧವೊಂದನ್ನು ಮಕ್ಕಳಾಟದ ಅಳತೆಗೆ ಇಳಿಸಿದ್ದು ಆ ಮಂತ್ರಿಗಳ ಜಾಣ್ಮೆ. ಮಕ್ಕಳಾಟದ ಅಳತೆಯಲ್ಲಿಯೇ ಇರುವ ಜಗಳವನ್ನು ಯುದ್ಧದ ಅಳತೆಗೆ ಏರಿಸುವುದು ಇಂದಿನ ಅನೇಕ ಹಿರಿಯರ ಅವಿವೇಕ.

ಕಥೆಯ ಮುಂದಿನ ಭಾಗ ಇನ್ನೂ ಗಹನವಾದುದು. ಮೂರರಲ್ಲಿಯೂ ಸೋತ ಭರತ ನಿಯಮ ಮೀರಿ ಚಕ್ರವನ್ನು ಪ್ರಯೋಗಿಸಿದ. ಚಕ್ರ ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ಗೆದ್ದ ಬಾಹುಬಲಿ, ಗೆದ್ದ ಕ್ಷಣದಲ್ಲಿಯೇ, ಎಲ್ಲವನ್ನೂ ಬಿಟ್ಟು ಹೊರಟ. "ನೀನು ಬಿಟ್ಟುಕೊಡು" ಎಂದು ಅವನಿಗೆ ಯಾರೂ ಹೇಳಲಿಲ್ಲ. ಬಿಟ್ಟುಕೊಡಬೇಕಾದ ಅನಿವಾರ್ಯತೆ ಅವನಿಗೆ ಇರಲಿಲ್ಲ. ಅದರಿಂದಲೇ ಅದು ತ್ಯಾಗವಾಯಿತು. ಉಯ್ಯಾಲೆಯನ್ನು ತಾಯಿಯ ಆಜ್ಞೆಯಿಂದ ಬಿಟ್ಟುಕೊಟ್ಟ ಒಂಬತ್ತು ವರ್ಷದ ಬಾಲಕನದು ತ್ಯಾಗವಲ್ಲ, ಅದು ಅಪಹರಣ. ವಸ್ತು ಕೈಬಿಟ್ಟರೂ ಮಮಕಾರ ಮೊದಲಿಗಿಂತ ಗಟ್ಟಿಯಾಗುತ್ತದೆ. ಅವನಿಗೆ ಹತ್ತು ನಿಮಿಷ ಸಾವಕಾಶ ಕೊಟ್ಟಿದ್ದರೆ ಅವನೇ ಇಳಿದು "ಬಾ, ನೀನು ಕೂರು" ಎನ್ನುತ್ತಿದ್ದನೋ ಏನೋ. ಆ ಅವಕಾಶವನ್ನು ಅವನಿಂದ ಕಸಿದುಕೊಂಡವರು ಹಿರಿಯರು.

ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಯ ಮೈಗೆ ಬಳ್ಳಿ ಹಬ್ಬಿ, ಕಾಲಬಳಿ ಹುತ್ತ ಬೆಳೆದರೂ ಅವನಿಗೆ ಕೇವಲಜ್ಞಾನವಾಗಲಿಲ್ಲ. ತನ್ನಿಂದ ಅಣ್ಣನಿಗೆ ಸಂಕಟವಾಯಿತೆಂಬ ಒಂದು ಶಲ್ಯ ಒಳಗೆ ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಭರತ ತಾನಾಗಿ ಬಂದು ಪೂಜಿಸಿದಾಗ ಆ ಶಲ್ಯ ಕಳೆಯಿತು. 981ರಿಂದ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಮೂರ್ತಿಯನ್ನು ದರ್ಶಿಸುವವರು ವೈರಾಗ್ಯವನ್ನು ಮಾತ್ರ ಕಂಡು ಹಿಂದಿರುಗಬಾರದು. ಒಡಹುಟ್ಟಿದವನ ನೋವು ಮಹಾತಪಸ್ವಿಯನ್ನೂ ತಡೆದು ನಿಲ್ಲಿಸುವಷ್ಟು ಆಳದ್ದು ಎಂಬುದನ್ನೂ ಆ ಬಳ್ಳಿಗಳಲ್ಲಿ ಕಾಣಬೇಕು.

ಇನ್ನು ಶಿಕ್ಷೆಯ ವಿಷಯ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಎಣಿಸಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಶಕ್ತಿ ಮೀರಿದ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ದನಕರುಗಳ, ಆಳುಕಾಳುಗಳ ಸಂದರ್ಭದಲ್ಲಿ ಈ ಐದನ್ನು ಪ್ರವಚನಗಳಲ್ಲಿ ಕೇಳುವ ಶ್ರಾವಕರು ಮನೆಗೆ ಬಂದು ಮಕ್ಕಳ ಕಡೆ ನೋಡಬೇಕು. ಕೋಣೆಯಲ್ಲಿ ಕೂಡಿಹಾಕಿ ಚಿಲಕ ಹಾಕುವುದು ಬಂಧವಲ್ಲದೆ ಮತ್ತೇನು? ಬೆತ್ತವೂ ಬೆನ್ನಿನ ಮೇಲಿನ ಗುದ್ದೂ ವಧವೆಂಬ ಅತಿಚಾರವೇ. ಬಂಧುಗಳೆದುರಿಗೆ "ಇವನು ದಡ್ಡ, ಇವಳು ಹಟಮಾರಿ" ಎಂದು ಹೇಳಿ ನಗುವ ಮಾತು ಅಂಗವನ್ನಲ್ಲದಿದ್ದರೂ ಮನಸ್ಸನ್ನು ಕೊಯ್ಯುತ್ತದೆ. ಆಟದ ವಯಸ್ಸಿನ ಅಕ್ಕನ ಸೊಂಟಕ್ಕೆ ಇಡೀ ದಿನ ತಮ್ಮನನ್ನು ಏರಿಸುವುದು, ಶಾಲೆ ಮುಗಿಸಿ ಬಂದ ಬಾಲಕನನ್ನು ಒಂದರ ಮೇಲೊಂದು ಪಾಠಕ್ಕೆ ಅಟ್ಟುವುದು ಅತಿಭಾರಾರೋಪಣ. "ಜಗಳವಾಡಿದ್ದಕ್ಕೆ ಇಂದು ಊಟವಿಲ್ಲ" ಎಂಬುದಂತೂ ಐದನೆಯದರ ಅಕ್ಷರಶಃ ಆಚರಣೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಮಕ್ಕಳ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ವ್ರತಿಕನ ಮನೆಗೆ ಆ ನಿಷೇಧ ಸೂತ್ರಕಾರರ ಕಾಲದಿಂದಲೇ ಇದೆ.

ಕೃತ, ಕಾರಿತ, ಅನುಮೋದನೆ ಎಂಬ ವಿಭಾಗವೂ ಇಲ್ಲಿ ಉಪಯುಕ್ತ. ತಾನೇ ಹೊಡೆಯದೆ "ತಮ್ಮನಿಗೆ ಎರಡು ಬಿಟ್ಟು ಬುದ್ಧಿ ಹೇಳು" ಎಂದು ಹಿರಿಯ ಮಗನಿಗೆ ಒಪ್ಪಿಸಿದ ತಂದೆ ಕಾರಿತದ ಪಾಲುಗಾರ. ಚಿಕ್ಕವಳು ಅಣ್ಣನನ್ನು ಕಚ್ಚಿದಾಗ ಅದರ ಮುದ್ದುತನಕ್ಕೆ ಕೈತಟ್ಟಿ ನಕ್ಕ ನೆಂಟರು ಅನುಮೋದನೆಯ ಪಾಲುಗಾರರು. ಇಬ್ಬರು ಮಕ್ಕಳನ್ನು ಅಂಕಪಟ್ಟಿಯ ಮೇಲೆ ತೂಗಿ ನೋಡುವವರು ಜಗಳಕ್ಕೆ ಬೇಕಾದ ಸೌದೆಯನ್ನು ಮೊದಲೇ ಒಟ್ಟಿದವರು.

ಆಟದ ವಿಷಯಕ್ಕೆ ಬಂದರೆ, ಜಗಳದ ಭಯದಿಂದ ಆಟವನ್ನೇ ನಿಲ್ಲಿಸುವ ಹಿರಿಯರಿದ್ದಾರೆ. ಆ ಭಯಕ್ಕೆ ಹಳೆಯ ಬೇರುಗಳೂ ಉಂಟು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಕಲಹವಾಗಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದ ಹೊಡೆದು ಇಬ್ಬರೂ ಅಳಿದ ಕಥೆ ಬರುತ್ತದೆ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆಯೂ ಆ ಸೀಮೆಯಲ್ಲಿದೆ. ಇಂಥ ಕಥೆ ಹಿರಿಯರ ಎಚ್ಚರವನ್ನು ಬೆಳೆಸಬೇಕೇ ಹೊರತು ಮಕ್ಕಳ ಕೈಯಿಂದ ಮಣೆಯನ್ನು ಕಸಿಯಬಾರದು. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಗೋಲಿ ಮುಂತಾದ ಆಟಗಳನ್ನು ದೂರದಿಂದ ಗಮನಿಸಿದವರಿಗೆ ಗೊತ್ತು: ಮಕ್ಕಳು ಆಡುವುದಕ್ಕಿಂತ ಹೆಚ್ಚು ಹೊತ್ತು ವಾದಿಸುತ್ತಾರೆ. ಕಾಲು ಗೆರೆ ತುಳಿಯಿತೇ, ಚೆಂಡು ತಾಗಿತೇ, ಚಿಕ್ಕವನಿಗೆ ಒಂದು ಆಟ ಹೆಚ್ಚು ಕೊಡಬೇಕೇ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಆದರೂ ಆಟ ನಿಲ್ಲುವುದಿಲ್ಲ. ನಿಂತರೆ ಎಲ್ಲರಿಗೂ ನಷ್ಟವೆಂದು ಎಲ್ಲರಿಗೂ ಗೊತ್ತು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗೋಲಿಯಾಡುವ ಮಕ್ಕಳನ್ನು ಅವಲೋಕಿಸಿ, ಮಕ್ಕಳ ನೈತಿಕ ವಿವೇಚನೆಯ ಬಗ್ಗೆ 1932ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಚಿಕ್ಕ ಮಕ್ಕಳು ನಿಯಮವನ್ನು ಹಿರಿಯರಿಂದ ಬಂದ, ಬದಲಿಸಬಾರದ ಕಟ್ಟಳೆಯೆಂದು ಭಾವಿಸುತ್ತಾರೆ, ಆದರೆ ಅದರಂತೆ ನಡೆಯುವುದಿಲ್ಲ. ಬೆಳೆದ ಮಕ್ಕಳು ಅದೇ ನಿಯಮವನ್ನು ಪರಸ್ಪರ ಒಪ್ಪಿಗೆಯಿಂದ ಹುಟ್ಟಿದ್ದೆಂದು ತಿಳಿಯುತ್ತಾರೆ, ಹಾಗೆ ತಿಳಿದ ಮೇಲೆ ಅದನ್ನು ನಿಜವಾಗಿ ಪಾಲಿಸುತ್ತಾರೆ. ಈ ಬೆಳವಣಿಗೆಗೆ ಸಮವಯಸ್ಕರ ಒಡನಾಟ ಅಗತ್ಯವೆಂಬುದು ಅವನ ನಿರ್ಣಯ. ಹೊರಗಿನಿಂದ ಹೇರಿದ ನಿಯಮಕ್ಕೂ ಸ್ವತಃ ಕೈಗೊಂಡ ವ್ರತಕ್ಕೂ ಇರುವ ಭೇದವನ್ನು ಬಲ್ಲ ಜೈನರಿಗೆ ಈ ಮಾತು ಹೊಸದೆನಿಸದು. ಮಕ್ಕಳ ಆಟದ ಹಕ್ಕನ್ನು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿ ಮಾನ್ಯ ಮಾಡಿದೆ. ಭಾರತ 1992ರಲ್ಲಿ ಆ ಒಡಂಬಡಿಕೆಗೆ ಸೇರಿತು. ಆದರೆ ಪ್ರತಿ ಗಂಟೆಗೂ ಒಂದೊಂದು ತರಗತಿಯಿರುವ, ಉಳಿದ ಗಂಟೆಯನ್ನು ಮೊಬೈಲಿನ ಪರದೆ ನುಂಗುವ ದಿನಚರಿಯಲ್ಲಿ ಆ ಹಕ್ಕಿಗೆ ಎಡೆಯೆಲ್ಲಿ? ತಮ್ಮ ಜಗಳವನ್ನು ತಾವೇ ತೀರಿಸಿಕೊಳ್ಳುವ ಅಭ್ಯಾಸವಿಲ್ಲದೆ ಬೆಳೆದವರು ಮುಂದೆ ಅದನ್ನು ನ್ಯಾಯಾಲಯಕ್ಕೆ ಒಯ್ದರೆ ಆಶ್ಚರ್ಯವೇನು?

ಬಾಲಕ ವರ್ಧಮಾನನು ಒಡನಾಡಿಗಳೊಡನೆ ಮರ ಹತ್ತಿ ಆಡುತ್ತಿದ್ದಾಗ ಸಂಗಮನೆಂಬ ದೇವನು ಸರ್ಪರೂಪದಿಂದ ಬಂದು ಕಾಂಡವನ್ನು ಸುತ್ತಿಕೊಂಡನೆಂದೂ, ಉಳಿದವರು ಹೆದರಿ ಓಡಿದರೂ ಅವನು ನಿರ್ಭಯನಾಗಿ ಇಳಿದು ಬಂದು ಮಹಾವೀರನೆನಿಸಿದನೆಂದೂ ಪುರಾಣ ಹೇಳುತ್ತದೆ. ಕಾಲಾಂತರದಲ್ಲಿ ತೀರ್ಥಂಕರನಾಗಲಿದ್ದ ರಾಜಕುಮಾರನೂ ಮರ ಹತ್ತಿ ಆಡಿದನೆಂಬುದನ್ನು ಗಮನಿಸಬೇಕು. ನಿಜವಾದ ಹಾವಿನ ಬಾಯಿಗೆ ಮಕ್ಕಳನ್ನು ಬಿಡಬಹುದೆಂದು ಇದರ ಅರ್ಥವಲ್ಲ. ಮೊಣಕಾಲು ತರಚುವಷ್ಟು ಅಪಾಯಕ್ಕೂ ಮೂಳೆ ಮುರಿಯುವಷ್ಟು ಅಪಾಯಕ್ಕೂ ಇರುವ ಅಂತರವನ್ನು ತೂಗಿ ನೋಡುವ ವಿವೇಕ ಹಿರಿಯರದು.

ಹಾಗಾದರೆ ಹಿರಿಯರು ಯಾವಾಗ ಎದ್ದು ಹೋಗಬೇಕು? ಮೂರು ಸಂದರ್ಭಗಳಲ್ಲಿ ತಡಮಾಡಬಾರದು. ಕಲ್ಲು, ಕೋಲು, ಹಲ್ಲುಗಳಿಂದ ದೇಹಕ್ಕೆ ನಿಜವಾದ ಪೆಟ್ಟು ಬೀಳುವಂತಿದ್ದರೆ ಮೊದಲು ಕೈ ಹಿಡಿಯಬೇಕು, ಮಾತು ಆಮೇಲೆ. ಒಂದು ಮಗು ಪ್ರತಿದಿನವೂ ಸೋಲುತ್ತಿದ್ದರೆ, ಇನ್ನೊಂದರ ಹೆಜ್ಜೆಯ ಸಪ್ಪಳಕ್ಕೆ ಹೆದರಿ ಮೂಲೆ ಸೇರುತ್ತಿದ್ದರೆ ಅದು ಜಗಳವಲ್ಲ, ಪೀಡನೆ. ಅಲ್ಲಿ ಮಧ್ಯಸ್ಥಭಾವ ತಾಳುವುದೆಂದರೆ ಬಲಿಷ್ಠನ ಪಕ್ಷ ವಹಿಸಿದಂತೆಯೇ. ಆಟದಲ್ಲಿ ಮೂಕಪ್ರಾಣಿ ಸಿಕ್ಕಿಬಿದ್ದಾಗಲೂ ಹಾಗೆಯೇ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುವುದು, ಓತಿಕ್ಯಾತಕ್ಕೆ ಕಲ್ಲೆಸೆಯುವುದು ಹಳ್ಳಿಯ ಮಕ್ಕಳಿಗೆ ಹಳೆಯ ವಿನೋದ. ಆಗಲೂ ಗದರಿಕೆಗಿಂತ ದೊಡ್ಡ ಉಪಾಯವಿದೆ. ದಾರವನ್ನು ಮಗುವಿನ ಕೈಯಿಂದಲೇ ಬಿಚ್ಚಿಸಿ, ಚಿಟ್ಟೆ ಹಾರಿಹೋಗುವವರೆಗೆ ಅದರ ಜೊತೆಯಲ್ಲಿ ನಿಂತು ನೋಡಿದರೆ ಅಭಯದಾನವೆಂದರೆ ಏನೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಕೊನೆಯದಾಗಿ ಕ್ಷಮೆಯ ಮಾತು. ಜಗಳ ಬಿಡಿಸಿದೊಡನೆ "ಹೂಂ, ತಂಗಿಯ ಹತ್ತಿರ ಕ್ಷಮೆ ಕೇಳು" ಎಂದು ಕತ್ತು ಹಿಡಿದು ಹೇಳಿಸುವ ಪದ್ಧತಿ ಎಲ್ಲೆಡೆ ಇದೆ. ತುಟಿಯಿಂದ ಹೊರಟ ಆ ಶಬ್ದ ಮಗುವಿಗೆ ಕಲಿಸುವುದು ಮಾಯಾಚಾರವನ್ನು ಮಾತ್ರ. ದಶಲಕ್ಷಣ ಧರ್ಮಗಳಲ್ಲಿ ಉತ್ತಮಕ್ಷಮೆಗೆ ಮೊದಲ ಸ್ಥಾನವಿದೆ. ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯಂದು ಊರವರೆಲ್ಲರ ಕ್ಷಮೆ ಬೇಡುವ ಹಿರಿಯರು, ಪತ್ರ ಬರೆದು ದೂರದ ನೆಂಟರ ಕ್ಷಮೆ ಬೇಡುವ ಹಿರಿಯರು, ಮನೆಯ ಮಕ್ಕಳೆದುರು ಕೈ ಮುಗಿಯುವುದು ವಿರಳ. "ಮೊನ್ನೆ ವಿಚಾರಿಸದೆ ನಿನ್ನನ್ನು ಬೈದೆ ಮಗು, ತಪ್ಪಾಯಿತು" ಎಂದು ತಂದೆ ಒಮ್ಮೆ ಹೇಳಲಿ. ಕ್ಷಮೆ ಕೇಳುವುದರಿಂದ ಮನುಷ್ಯ ಚಿಕ್ಕವನಾಗುವುದಿಲ್ಲವೆಂದು ಆ ಒಂದು ಮಾತಿನಿಂದ ಮಗು ಕಲಿಯುತ್ತದೆ. ಆ ಬಳಿಕ ಅಣ್ಣ ತಾನಾಗಿ ತಂಗಿಯ ಬಳಿ ಹೋಗುವ ದಿನವನ್ನು ಕಾಯಬೇಕು. ಅವನು ಬಾಯಿಂದ ಹೇಳದೆ ಪೇರಳೆಯ ಅರ್ಧ ತುಂಡನ್ನು ಮುಂದೆ ಚಾಚಿದರೆ ಅದನ್ನೂ ಕ್ಷಮಾಯಾಚನೆಯೆಂದೇ ತಿಳಿಯಬೇಕು.

ದಿನಕ್ಕೊಂದು ಸಾಮಾಯಿಕಕ್ಕೆ 48 ನಿಮಿಷ ಕುಳಿತುಕೊಳ್ಳಬಲ್ಲ ಶ್ರಾವಕ ಶ್ರಾವಿಕೆಯರಿಗೆ ಅಂಗಳದ ಗಲಾಟೆಯ ನಡುವೆ ಹತ್ತು ನಿಮಿಷ ಸಮಭಾವದಿಂದ ಕುಳಿತುಕೊಳ್ಳುವುದು ಅಸಾಧ್ಯವಲ್ಲ. ಕಣ್ಣು ಮಕ್ಕಳ ಮೇಲಿರಲಿ, ಕಿವಿ ತೆರೆದಿರಲಿ, ತೀರ್ಪು ಮಾತ್ರ ನಾಲಗೆಯ ತುದಿಯಲ್ಲೇ ನಿಲ್ಲಲಿ. ಆ ಸಂಯಮವನ್ನು ಸಾಧಿಸಿದ ಮನೆಯಲ್ಲಿಯೂ ಮಕ್ಕಳು ಜಗಳವಾಡುತ್ತಾರೆ. ಆದರೆ ಮುಂದೊಂದು ದಿನ ತಾಯ್ತಂದೆಯರಿಲ್ಲದ ಕಾಲದಲ್ಲಿ ಪಾಲಿನ ಮಾತು ಬಂದಾಗ, ಎದುರಿಗೆ ಕುಳಿತವನ ಪಕ್ಷವನ್ನು ತನ್ನ ಬಾಯಿಂದ ಹೇಳುವ ಅಭ್ಯಾಸ ಅವರ ಜೊತೆಗಿರುತ್ತದೆ. ಹೆತ್ತವರು ಬಿಟ್ಟುಹೋಗಬಹುದಾದ ಆಸ್ತಿಗಳಲ್ಲಿ ಪಾಲಿಗೆ ಒಳಪಡದ ಆಸ್ತಿ ಅದೊಂದೇ.